ಮಳೆಯ ಲೆಕ್ಕದಲ್ಲಿ ನದಿಯೆಂಬ ಉಳಿಕೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ ಮುಗಿದದ್ದು 1907ರಲ್ಲಿ. ಸುತ್ತಲಿನ ಜನ ಇಂದಿಗೂ ಮಾರಿಕಣಿವೆ ಎಂದೇ ಕರೆಯುವ ಈ ಜಲಾಶಯದ ಪೂರ್ಣಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ. ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲ 2022ರ ಸೆಪ್ಟೆಂಬರಿನಲ್ಲಿ. ಮೂರನೆಯ ಸಲ 2025ರ ಜನವರಿಯಲ್ಲಿ. ಮೊದಲೆರಡರ ನಡುವಿನ 89 ವರ್ಷಗಳ ಅಂತರಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಕೇಳುತ್ತೇವೆ. ಮಳೆ ಕಡಿಮೆಯಾಯಿತು ಎಂಬುದು ಒಂದು, ಅಂದಿನ ಎಂಜಿನಿಯರುಗಳು ಅಳತೆ ಮೀರಿ ದೊಡ್ಡದಾಗಿ ಕಟ್ಟಿಬಿಟ್ಟರು ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿರಬಹುದು. ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಇವೆರಡಕ್ಕಿಂತ ಸರಳವಾದದ್ದು ಮತ್ತು ಜಲವಿಜ್ಞಾನದ ಮೊದಲ ಪಾಠದಲ್ಲೇ ಸಿಗುವಂಥದ್ದು. ಬಯಲುಸೀಮೆಯ ನದಿಯೆಂದರೆ ಮಳೆಯ ಒಂದು ನಿಶ್ಚಿತ ಪಾಲಲ್ಲ. ಮಣ್ಣು, ಗಿಡಮರ, ಬಿಸಿಲು ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಏನಾದರೂ ಮಿಕ್ಕರೆ ಹರಿಯುವ ಉಳಿಕೆ.

ಜಲಚಕ್ರವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸಮುದ್ರದಿಂದ ಮೇಲೇಳುವ ಒಂದು ಬಾಣ, ಒಂದು ಮೋಡ, ಬೆಟ್ಟದ ಮೇಲೆ ಓರೆಯಾಗಿ ಸುರಿಯುವ ಮಳೆಯ ಗೆರೆಗಳು, ಅಲ್ಲಿಂದ ಹೊರಟು ಮತ್ತೆ ಸಮುದ್ರ ಸೇರುವ ನೀಲಿ ನದಿ. ಆ ಚಿತ್ರ ತಪ್ಪೇನಲ್ಲ, ಆದರೆ ಅದರಲ್ಲಿ ಪ್ರಮಾಣವೂ ಇಲ್ಲ, ಕಾಲವೂ ಇಲ್ಲ. ಬಾಣಗಳೆಲ್ಲ ಒಂದೇ ದಪ್ಪವಿರುತ್ತವೆ. ನೆಲದ ಮೇಲಿನ ಅತಿ ದೊಡ್ಡ ಹರಿವು, ಅಂದರೆ ಮಣ್ಣಿನಿಂದ ಮತ್ತು ಎಲೆಗಳಿಂದ ಕಣ್ಣಿಗೆ ಕಾಣದೆ ನೇರವಾಗಿ ಆಕಾಶಕ್ಕೆ ಮರಳುವ ನೀರು, ಎಷ್ಟೋ ಚಿತ್ರಗಳಲ್ಲಿ ಮೂಲೆಯಲ್ಲಿ ಒಂದು ತೆಳು ಗೆರೆಯಾಗಿ ಉಳಿದಿರುತ್ತದೆ.

ಮೊದಲು ಪ್ರಮಾಣವನ್ನೇ ನೋಡೋಣ. ಭೂಮಿಯ ಮೇಲಿನ ನೀರಿನಲ್ಲಿ ಶೇ. 97ರಷ್ಟು ಉಪ್ಪುನೀರು. ಉಳಿದ ಸಿಹಿನೀರಿನಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಧ್ರುವಗಳಲ್ಲಿ ಮತ್ತು ಎತ್ತರದ ಪರ್ವತಗಳಲ್ಲಿ ಹಿಮವಾಗಿ ಕೂತಿದೆ, ಮಿಕ್ಕದ್ದರ ಬಹುಪಾಲು ನೆಲದಡಿಯಲ್ಲಿದೆ. ಜಗತ್ತಿನ ಎಲ್ಲ ನದಿಗಳಲ್ಲಿ ಒಂದು ಕ್ಷಣದಲ್ಲಿ ಇರುವ ನೀರು ಒಟ್ಟು ನೀರಿನ ಒಂದು ಲಕ್ಷ ಪಾಲುಗಳಲ್ಲಿ ಒಂದು ಪಾಲೂ ಅಲ್ಲ. ವಾತಾವರಣದ ಅಷ್ಟೂ ಆವಿಯನ್ನು ಒಮ್ಮೆಗೇ ನೀರಾಗಿಸಿ ಭೂಮಿಯ ಮೇಲೆ ಸಮನಾಗಿ ಹರಡಿದರೆ ಸುಮಾರು 25 ಮಿಲಿಮೀಟರ್ ಆಳ ಬರುತ್ತದೆ, ಅಂದರೆ ಒಂದು ಇಂಚು. ಇಡೀ ಭೂಮಿಯ ವಾರ್ಷಿಕ ಸರಾಸರಿ ಮಳೆಯಾದರೋ ಸುಮಾರು 1,000 ಮಿ.ಮೀ. ಹಾಗಿದ್ದರೆ ಆ ಒಂದು ಇಂಚು ವರ್ಷದಲ್ಲಿ ನಲವತ್ತು ಸಲ ಬಿದ್ದು ನಲವತ್ತು ಸಲ ಮತ್ತೆ ತುಂಬಿಕೊಳ್ಳಬೇಕು; ಒಂದು ಸುತ್ತಿಗೆ ಸುಮಾರು ಒಂಬತ್ತು ದಿನ. ಕಾಲದ ಲೆಕ್ಕ ಹುಟ್ಟುವುದು ಇಲ್ಲಿಂದ. ಆವಿಯಾಗಿ ಒಂಬತ್ತು ದಿನ ಇರುವ ನೀರು ನದಿಯಲ್ಲಿ ಕೆಲವು ವಾರ, ಮಣ್ಣಿನ ತೇವವಾಗಿ ಕೆಲವು ವಾರಗಳಿಂದ ಕೆಲವು ತಿಂಗಳು, ಸಮುದ್ರದಲ್ಲಿ ಮೂರು ಸಾವಿರ ವರ್ಷಗಳ ಆಸುಪಾಸು ತಂಗುತ್ತದೆ. ಅಂತರ್ಜಲಕ್ಕೆ ಒಂದೇ ಉತ್ತರವಿಲ್ಲ: ಹಳ್ಳದ ದಂಡೆಯ ಮರಳಿನಲ್ಲಿರುವುದು ಇದೇ ವರ್ಷದ ಮಳೆಯಾಗಿರಬಹುದು, ಆಳದ ಬಂಡೆಯ ಸೀಳಿನಲ್ಲಿರುವುದು ನಮ್ಮ ಮುತ್ತಜ್ಜಂದಿರ ಕಾಲಕ್ಕಿಂತ ಹಳೆಯದಾಗಿರಬಹುದು.

ಮಳೆಯಿಂದಲೇ ನದಿ ಹುಟ್ಟುತ್ತದೆ ಎಂಬುದು ಇಂದು ಯಾರಿಗೂ ವಿವರಿಸಬೇಕಾದ ಸಂಗತಿಯಲ್ಲ. ಆದರೆ ಹದಿನೇಳನೆಯ ಶತಮಾನದ ಯುರೋಪಿನಲ್ಲಿ ವಿದ್ವಾಂಸರೂ ಇದನ್ನು ಸುಲಭವಾಗಿ ಒಪ್ಪುತ್ತಿರಲಿಲ್ಲ; ಸಮುದ್ರದ ನೀರು ನೆಲದಡಿಯ ಕಾಲುವೆಗಳಲ್ಲಿ ಬೆಟ್ಟದ ತನಕ ಏರಿ, ಉಪ್ಪನ್ನು ಕಳೆದುಕೊಂಡು ಒರತೆಯಾಗಿ ಹೊಮ್ಮುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಅದನ್ನು ಲೆಕ್ಕದಿಂದ ಅಲುಗಿಸಿದವರು ಪಿಯರ್ ಪೆರೋ ಎಂಬ ಫ್ರೆಂಚ್ ಗೃಹಸ್ಥರು. ವೃತ್ತಿಯಲ್ಲಿ ಅವರು ಹಣಕಾಸಿನ ಅಧಿಕಾರಿಯಾಗಿದ್ದವರು, ಸರ್ಕಾರಿ ವಸೂಲಿಯ ಜಮಾಖರ್ಚು ನೋಡಿದ್ದವರು ಎಂಬುದು ನನಗೆ ಬಹಳ ಹಿಡಿಸಿದ ವಿವರ. 1674ರಲ್ಲಿ ಅವರು ಸೀನ್ ನದಿಯ ಮೇಲ್ಭಾಗದ ಒಂದು ಪ್ರದೇಶವನ್ನು ಆರಿಸಿಕೊಂಡು, ಅಲ್ಲಿ ಬೀಳುವ ಮಳೆಯನ್ನೂ ಅಲ್ಲಿಂದ ಹರಿದುಹೋಗುವ ನೀರನ್ನೂ ಅಂದಾಜು ಮಾಡಿ, ನದಿಯನ್ನು ವರ್ಷವಿಡೀ ಹರಿಸಲು ಬೇಕಾದದ್ದಕ್ಕಿಂತ ಸುಮಾರು ಆರು ಪಟ್ಟು ನೀರು ಆಕಾಶದಿಂದಲೇ ಬರುತ್ತದೆ ಎಂದು ತೋರಿಸಿದರು. ಆ ನಂತರ 1687ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹೆಸರಿನಿಂದ ನಾವು ಬಲ್ಲ ಅದೇ ಹ್ಯಾಲಿ, ಬಾಣಲೆಯಲ್ಲಿ ನೀರಿಟ್ಟು ಅದು ಆರುವ ವೇಗವನ್ನು ಅಳೆದು, ಮೆಡಿಟರೇನಿಯನ್ ಸಮುದ್ರದಿಂದ ಎಷ್ಟು ನೀರು ಆವಿಯಾಗಿ ಏಳುತ್ತಿರಬಹುದೆಂದು ಲೆಕ್ಕ ಹಾಕಿದರು. ಚಕ್ರದ ಎರಡೂ ಅರ್ಧಗಳಿಗೆ ಹೀಗೆ ಅಂಕಿಗಳು ಸಿಕ್ಕವು. ಪೆರೋ ಅವರ ಲೆಕ್ಕದಲ್ಲಿ ಉಳಿದ ಐದು ಪಾಲು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಮಾರಿಕಣಿವೆಯ ಪ್ರಶ್ನೆಯೂ ಅದೇ.

ವೇದಾವತಿಯ ಮಳೆ ಬರುವ ದಾರಿಯಿಂದ ಆರಂಭಿಸೋಣ. ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದ ಮೇಲಿನಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಬೇಕಾಗುತ್ತದೆ. ಏರಿದಂತೆ ತಣಿಯುತ್ತದೆ, ತಣಿದಂತೆ ಅದರಲ್ಲಿ ಆವಿ ಹಿಡಿಯುವ ಶಕ್ತಿ ತಗ್ಗುತ್ತದೆ, ಹಿಡಿಯಲಾರದ ಆವಿ ಹನಿಯಾಗಿ ಸುರಿಯುತ್ತದೆ. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ನೆತ್ತಿಯನ್ನು ದಾಟಿದ ಗಾಳಿ ಇಳಿಯುತ್ತಾ ಬೆಚ್ಚಗಾಗಿ ಮತ್ತೆ ಬಾಯಾರಿದ ಗಾಳಿಯಾಗುತ್ತದೆ. ಆಗುಂಬೆಯಿಂದ ಹಿರಿಯೂರಿಗೆ ನೇರ ದೂರ ಇನ್ನೂರು ಕಿಲೋಮೀಟರ್ ಕೂಡ ಇಲ್ಲ; ಅಷ್ಟರಲ್ಲಿ ವಾರ್ಷಿಕ ಮಳೆ 600 ಮಿ.ಮೀ.ಗಿಂತ ಕೆಳಗಿಳಿದಿರುತ್ತದೆ. ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ, ಅಂದರೆ ಮಳೆಯ ನೆರಳಿನ ಕಡೆಯಲ್ಲಿ ಹುಟ್ಟಿ, ಒಂದಾಗಿ ಕಡೂರಿನ ಬಯಲಿನತ್ತ ಹರಿಯುತ್ತವೆ. ತಲೆ ಮಲೆನಾಡಿನ ಅಂಚಿನಲ್ಲಿದ್ದರೂ ಈ ನದಿಯ ಮೈಯೆಲ್ಲ ಬಯಲುಸೀಮೆಯದು. ಮುಂಗಾರಿನಲ್ಲಿ ಇಲ್ಲಿ ಬೀಳುವುದು ಹೆಚ್ಚಾಗಿ ಜಿಟಿಜಿಟಿ. ನಿಜವಾದ ಮಳೆ ಉತ್ತರೆ, ಹಸ್ತ, ಚಿತ್ತೆಯ ದಿನಗಳ ಗುಡುಗು ಮಳೆ. ಜಲಾಶಯದ ಮಟ್ಟ ಏರುವ ಸುದ್ದಿ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರುವುದು ಇದೇ ಕಾರಣಕ್ಕೆ.

ಗುಡುಗು ಮಳೆಯನ್ನು ಅಳೆಯುವುದು ಸುಲಭವಲ್ಲ. ಮಳೆಮಾಪಕದ ತತ್ತ್ವವೇನೋ ಸರಳ: ನಿರ್ದಿಷ್ಟ ಅಗಲದ ಬಾಯಿಯಿಂದ ಬಿದ್ದ ನೀರನ್ನು ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು, ಅದು ನೆಲದ ಮೇಲೆ ಎಷ್ಟು ಮಿಲಿಮೀಟರ್ ಆಳ ನಿಲ್ಲುತ್ತಿತ್ತು ಎಂದು ಬರೆದುಕೊಳ್ಳುವುದು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಒಂದು ಎಕರೆಗೆ ಒಂದು ಇಂಚು ಬಿದ್ದರೆ ಒಂದು ಲಕ್ಷ ಲೀಟರಿಗೆ ಸ್ವಲ್ಪ ಮೇಲೆ. ಆದರೆ ಅಂಗೈಯಗಲದ ಬಾಯಿಯೊಂದು ಹತ್ತಾರು ಚದರ ಕಿಲೋಮೀಟರಿನ ಪರವಾಗಿ ಸಾಕ್ಷಿ ಹೇಳಬೇಕು, ಅದೂ ಊರಿನ ಮೂಡಲ ಹೊಲಕ್ಕೆ ಹೊಯ್ದು ಪಡುವಲ ಹೊಲಕ್ಕೆ ಹನಿಯೂ ಹಾಕದ ಮಳೆಯ ಬಗ್ಗೆ. ಹಿಂದೆ ಹೋಬಳಿಗೊಂದು ಮಾಪಕವಿದ್ದರೆ ಹೆಚ್ಚು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ತಾನೇ ಮಾಹಿತಿ ಕಳುಹಿಸುವ ಮಾಪಕಗಳು ರಾಜ್ಯದಲ್ಲಿವೆ. ಕಳೆದ ಕೆಲವು ದಶಕಗಳಲ್ಲಿ ಕರ್ನಾಟಕದ ಜಲವಿಜ್ಞಾನಕ್ಕೆ ಸಂದ ದೊಡ್ಡ ಉಪಕಾರಗಳಲ್ಲಿ ಇದೊಂದು ಎಂದು ನಾನು ಎಣಿಸುತ್ತೇನೆ, ಅಣೆಕಟ್ಟೆಗಳಷ್ಟು ಅದು ಸುದ್ದಿಯಾಗದಿದ್ದರೂ.

ಈಗ ಲೆಕ್ಕಕ್ಕೆ ಬರೋಣ. ಯಾವುದೇ ಜಲಾನಯನ ಪ್ರದೇಶದಲ್ಲಿ ಒಂದು ವರ್ಷಕ್ಕೆ ಬಿದ್ದ ಮಳೆಯು ಆವಿಯಾಗಿ ಹೋದದ್ದು, ಹರಿದುಹೋದದ್ದು ಮತ್ತು ಮಣ್ಣು, ಕೆರೆ, ಅಂತರ್ಜಲಗಳಲ್ಲಿ ಹೆಚ್ಚಾದದ್ದು ಅಥವಾ ಕಡಿಮೆಯಾದದ್ದು, ಇವುಗಳ ಮೊತ್ತಕ್ಕೆ ಸಮನಾಗಿರಬೇಕು. ಜಲವಿಜ್ಞಾನದ ಉಳಿದ ಸಮೀಕರಣಗಳೆಲ್ಲ ಈ ಒಂದು ಸಾಲಿನ ಬೇರೆ ಬೇರೆ ಅಂಶಗಳನ್ನು ಅಂದಾಜು ಮಾಡುವ ಪ್ರಯತ್ನಗಳು. ಮಾರಿಕಣಿವೆಗೆ ನೀರು ಬರುವ ಪ್ರದೇಶ ಸುಮಾರು 5,374 ಚದರ ಕಿಲೋಮೀಟರ್. ಇದರ ಮೇಲೆ ಸರಾಸರಿ 650 ಮಿ.ಮೀ. ಮಳೆ ಎಂದು ಇಟ್ಟುಕೊಂಡರೆ, ವರ್ಷಕ್ಕೆ ಬೀಳುವ ನೀರು ಸುಮಾರು 123 ಟಿಎಂಸಿ. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ 2,831 ಕೋಟಿ. ಬರಿದಾದ ಜಲಾಶಯವೊಂದು ಒಂದೇ ವರ್ಷದಲ್ಲಿ ತುಂಬಬೇಕಾದರೆ ಬಿದ್ದ ಮಳೆಯ ಸುಮಾರು ಕಾಲು ಭಾಗ ಹರಿದು ಬಂದು ಸೇರಬೇಕು. ಜಗತ್ತಿನ ಭೂಭಾಗವನ್ನು ಒಟ್ಟಾಗಿ ನೋಡಿದರೆ ಇದು ಅಸಾಧ್ಯದ ಮಾತಲ್ಲ. ವರ್ಷಕ್ಕೆ ಸುಮಾರು 1,10,000 ಘನ ಕಿಲೋಮೀಟರ್ ನೀರು ನೆಲದ ಮೇಲೆ ಬಿದ್ದು, ಅದರಲ್ಲಿ ಸುಮಾರು 40,000 ಘನ ಕಿಲೋಮೀಟರ್ ಸಮುದ್ರಕ್ಕೆ ಮರಳುತ್ತದೆ. ಮೂರನೇ ಒಂದಕ್ಕಿಂತ ಹೆಚ್ಚು. ಆದರೆ ಆ ಸರಾಸರಿಯಲ್ಲಿ ಅಮೆಜಾನ್ ಇದೆ, ಕಾಂಗೋ ಇದೆ. ಬಯಲುಸೀಮೆಯಲ್ಲಿ ಶೇ. 5ರಷ್ಟು ಹರಿದರೆ ಬರುವುದು 6 ಟಿಎಂಸಿ, ಶೇ. 10ರಷ್ಟು ಹರಿದರೆ 12.

ಇಷ್ಟು ನೀರನ್ನು ತಡೆದಿಡುವುದು ಯಾವುದು ಎಂದರೆ, ಬಿಸಿಲು. ಒಂದು ಲೀಟರ್ ನೀರನ್ನು ಸಾಧಾರಣ ಉಷ್ಣತೆಯಿಂದ ಕುದಿಯುವ ತನಕ ಕಾಯಿಸಲು ಬೇಕಾಗುವ ಶಕ್ತಿಯ ಸುಮಾರು ಏಳು ಪಟ್ಟು ಶಕ್ತಿ, ಅದೇ ಒಂದು ಲೀಟರನ್ನು ಆವಿಯಾಗಿಸಲು ಬೇಕು. ಅಷ್ಟು ದುಬಾರಿಯಾದ ಕೆಲಸವಾದರೂ ಚಿತ್ರದುರ್ಗದ ಬಿಸಿಲಿಗೆ ಅದು ಭಾರವಲ್ಲ. ವರ್ಷವಿಡೀ ನೀರು ತೆರೆದಿಟ್ಟರೆ ಇಲ್ಲಿಂದ ಒಂದೂವರೆ ಮೀಟರಿಗೂ ಹೆಚ್ಚು ಆಳ ಆರಿಹೋಗುತ್ತದೆ, ಬೀಳುವ ಮಳೆಯಾದರೋ ಅದರ ಅರ್ಧಕ್ಕೂ ಕಡಿಮೆ. ಹಾಗಾಗಿ ಇಲ್ಲಿ ಆವಿಯಾಗುವಿಕೆಗೆ ಮಿತಿ ಹಾಕುವುದು ಬಿಸಿಲಲ್ಲ, ನೀರಿನ ಅಲಭ್ಯತೆ. ಮೇಲ್ಮಣ್ಣಿನಲ್ಲಿ ಸಿಕ್ಕದ್ದನ್ನು ಗಾಳಿ ನೇರವಾಗಿ ಒಯ್ಯುತ್ತದೆ. ಬೇರಿಗೆ ಎಟುಕಿದ್ದನ್ನು ರಾಗಿ, ಶೇಂಗಾ, ತೆಂಗು, ಅಡಿಕೆ, ಹೊಂಗೆ, ಜಾಲಿ ಎಲ್ಲವೂ ಎಲೆಯ ಮೂಲಕ ಬಿಟ್ಟುಕೊಡುತ್ತವೆ. ಈ ನೀರನ್ನು ನಷ್ಟ ಎಂದು ಬರೆಯುವ ರೂಢಿ ವರದಿಗಳಲ್ಲಿದೆ, ನನಗೆ ಅದು ಸರಿಯೆನಿಸುವುದಿಲ್ಲ. ಮಳೆಯಾಶ್ರಿತ ರೈತನ ಬೆಳೆಯೆಲ್ಲ ಈ ‘ನಷ್ಟ’ದಿಂದಲೇ ಬಂದದ್ದು. ರೈತರು ಹದ ಮಳೆ ಎಂದು ಹೇಳುವುದು ಮಣ್ಣನ್ನು ನೇಗಿಲಿನ ಆಳಕ್ಕೆ ನೆನೆಸಿ, ಹರಿಯದೆ ನಿಂತ ಮಳೆಯನ್ನು. ಹೊಲಕ್ಕೆ ಅತ್ಯುತ್ತಮವಾದ ಆ ಮಳೆಯಿಂದ ಹಳ್ಳಕ್ಕೆ ಒಂದು ಹನಿಯೂ ಸೇರದಿರಬಹುದು.

ಮಳೆ ಹರಿಯುವುದು ಯಾವಾಗ? ನೆಲ ಹೀರುವ ವೇಗಕ್ಕಿಂತ ಮಳೆಯ ರಭಸ ಹೆಚ್ಚಾದಾಗ, ಅಥವಾ ಮಣ್ಣು ಆಗಲೇ ತುಂಬಿ ಮತ್ತೆ ಹಿಡಿಯಲಾರದೆ ಇದ್ದಾಗ. ಮೊದಲನೆಯದನ್ನು ವಿವರವಾಗಿ ಪ್ರತಿಪಾದಿಸಿದವರು ಅಮೆರಿಕದ ರಾಬರ್ಟ್ ಹಾರ್ಟನ್, 1933ರಲ್ಲಿ. ಮಾರಿಕಣಿವೆ ಮೊದಲ ಸಲ ಕೋಡಿ ಬಿದ್ದ ವರ್ಷವೇ ಅದು ಎಂಬುದು ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ. ಒಣಗಿದ ಕೆಂಪು ಮಣ್ಣಿನ ಮೇಲ್ಮೈಯಲ್ಲಿ ಮೊದಲ ಹನಿಗಳ ಏಟಿಗೆ ತೆಳುವಾದ ಹೆಪ್ಪು ಕಟ್ಟಿ, ಒಳಗೆ ಜಾಗವಿದ್ದರೂ ನೀರು ಮೇಲೆಯೇ ಜಾರಿಹೋಗುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಮುಂಗಾರಿನ ಮೊದಲ ಮಳೆಗಳನ್ನು ಆ ಬಿರುಕುಗಳು ಪೂರ್ತಿ ನುಂಗುತ್ತವೆ, ನೆನೆದು ಉಬ್ಬಿ ಮುಚ್ಚಿಕೊಂಡ ಮೇಲೆ ಅದೇ ಮಣ್ಣು ನೀರನ್ನು ಒಳಗೆ ಬಿಡುವುದೇ ಕಷ್ಟ. ಆದ್ದರಿಂದ ಜೂನಿನ 50 ಮಿ.ಮೀ. ಮಳೆಯೂ ಅಕ್ಟೋಬರಿನ 50 ಮಿ.ಮೀ. ಮಳೆಯೂ ಮಾಪಕದಲ್ಲಿ ಒಂದೇ, ಹಳ್ಳದಲ್ಲಿ ಬೇರೆ ಬೇರೆ.

ಉಳಿಕೆ ಎಂಬ ಮಾತಿನ ನಿಜವಾದ ಪರಿಣಾಮ ಕಾಣುವುದು ಮಳೆ ಏರುಪೇರಾದಾಗ. ಅಳೆದ ಅಂಕಿಗಳಲ್ಲ, ಲೆಕ್ಕದ ಸ್ವಭಾವವನ್ನು ತೋರಿಸಲು ನಾನೇ ಇಟ್ಟುಕೊಂಡ ಅಂಕಿಗಳು ಇವು: 650 ಮಿ.ಮೀ. ಮಳೆಯಲ್ಲಿ 610 ಆವಿಯಾಗಿ 40 ಉಳಿಯಿತು ಎನ್ನೋಣ. ಹರಿವು ಸುಮಾರು 7.6 ಟಿಎಂಸಿ. ಇನ್ನೊಂದು ವರ್ಷ ಮಳೆ ಶೇ. 20 ಹೆಚ್ಚಾಗಿ 780 ಬಿತ್ತು. ಆವಿಯಾಗುವಿಕೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಏಕೆಂದರೆ ಹೆಚ್ಚುವರಿ ಮಳೆ ಬೀಳುವುದು ಆಗಲೇ ನೆನೆದ ನೆಲದ ಮೇಲೆ. ಅದು 650ಕ್ಕೆ ನಿಂತರೆ ಉಳಿಕೆ 130 ಮಿ.ಮೀ., ಅಂದರೆ ಸುಮಾರು 24.7 ಟಿಎಂಸಿ. ಮಳೆ ಶೇ. 20 ಕಡಿಮೆಯಾಗಿ 520ಕ್ಕೆ ಇಳಿದ ವರ್ಷದಲ್ಲಿ 510 ಆವಿಯಾದರೆ ಉಳಿಯುವುದು 10 ಮಿ.ಮೀ., 1.9 ಟಿಎಂಸಿ. ಮಳೆಯಲ್ಲಿ ಐದನೇ ಒಂದು ಪಾಲಿನ ವ್ಯತ್ಯಾಸ ನದಿಯಲ್ಲಿ ಮೂರು ಪಟ್ಟು ಏರಿಕೆಯಾಗಿಯೋ ಕಾಲು ಭಾಗಕ್ಕೆ ಕುಸಿತವಾಗಿಯೋ ಕಾಣಿಸುತ್ತದೆ. ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸಕ್ಕೆ ಯಾವಾಗಲೂ ಈ ಚಂಚಲತೆ ಇರುತ್ತದೆ. ಜಲಾಶಯ ಹಲವು ದಶಕ ತುಂಬದಿರುವುದಕ್ಕೆ ಮಳೆ ಅರ್ಧಕ್ಕಿಳಿಯಬೇಕಾಗಿಲ್ಲ.

ನದಿ ವಿವಾದಗಳಲ್ಲಿ ಕೇಳಿಬರುವ ಟಿಎಂಸಿ ಅಂಕಿಗಳನ್ನೂ ಈ ಹಿನ್ನೆಲೆಯಲ್ಲಿಯೇ ಓದಬೇಕು. ಕಾವೇರಿ ನ್ಯಾಯಾಧಿಕರಣ 2007ರ ಅಂತಿಮ ತೀರ್ಪಿನಲ್ಲಿ ಇಟ್ಟುಕೊಂಡ 740 ಟಿಎಂಸಿ ಎಂಬುದು ಶೇ. 50ರ ಭರವಸೆಯ ಅಂಕಿ, ಅಂದರೆ ಎರಡು ವರ್ಷಗಳಲ್ಲಿ ಒಂದು ವರ್ಷ ಮಾತ್ರ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ಬರಬಹುದೆಂಬ ಅಂದಾಜು. ಬಚಾವತ್ ಆಯೋಗ ಕೃಷ್ಣೆಗೆ ಬಳಸಿದ 2,060 ಟಿಎಂಸಿ ಶೇ. 75ರ ಭರವಸೆಯದು, ನಾಲ್ಕರಲ್ಲಿ ಮೂರು ವರ್ಷ ನಿರೀಕ್ಷಿಸಬಹುದಾದದ್ದು. ಎರಡೂ ನದಿಯ ಗುಣಗಳಲ್ಲ, ಹಳೆಯ ದಾಖಲೆಗಳಿಂದ ಎತ್ತಿಕೊಂಡ ಸಂಭವನೀಯತೆಗಳು. ಪತ್ರಿಕೆಗಳಲ್ಲಿ ಮಾತ್ರ ಅವು ಅಳೆದು ಕೊಟ್ಟ ಆಸ್ತಿಯಂತೆ ಅಚ್ಚಾಗುತ್ತವೆ.

ಮಾರಿಕಣಿವೆಯ ಮಟ್ಟಿಗೆ ಉಳಿಕೆಯನ್ನು ಕುಗ್ಗಿಸಿದ ಇನ್ನೊಂದು ಬಾಬು ಇದೆ: ಮೇಲ್ಭಾಗದ ಬಳಕೆ. ಅಯ್ಯನಕೆರೆ, ಮದಗದ ಕೆರೆಗಳಿಂದ ಹಿಡಿದು ಹಳ್ಳಿಹಳ್ಳಿಯ ಸಣ್ಣ ಕೆರೆಗಳವರೆಗೆ, ಒಂದರ ಕೋಡಿ ಮುಂದಿನದರ ಒಡಲಿಗೆ ಸೇರುವ ಸರಪಳಿಗಳು ಅಣೆಕಟ್ಟೆಗಿಂತ ಬಹಳ ಹಳೆಯವು. ಅವುಗಳ ಪಾಲನ್ನು 1907ಕ್ಕಿಂತ ಮೊದಲೇ ಕಳೆಯಲಾಗಿತ್ತೆನ್ನಬಹುದು. ಆಮೇಲೆ ಸೇರಿಕೊಂಡವು ಚೆಕ್ ಡ್ಯಾಂ, ಕೃಷಿ ಹೊಂಡ, ಬದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕೊಳವೆಬಾವಿ. ಒಂದೊಂದೂ ತನ್ನ ಜಾಗದಲ್ಲಿ ನ್ಯಾಯವಾದದ್ದೇ. ಆದರೆ ಮೇಲೆ ಇಂಗಿಸಿದ ನೀರನ್ನು ಮೇಲಿನ ಊರಿನ ಗಳಿಕೆಯೆಂದೂ, ಹರಿದು ಬರಬೇಕಿದ್ದ ಅದೇ ನೀರನ್ನು ಕೆಳಗಿನ ಜಲಾಶಯದ ಲಭ್ಯತೆಯೆಂದೂ ಎರಡು ಕಡೆ ಬರೆದುಕೊಳ್ಳುವುದು ನಮ್ಮ ಯೋಜನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ದೋಷ.

ಅಂತರ್ಜಲವನ್ನು ನದಿಯಿಂದ ಬೇರೆಯದೆಂದು ಎಣಿಸುವುದರಿಂದಲೇ ಈ ದೋಷ ಹುಟ್ಟುತ್ತದೆ. ಈ ಭಾಗದ ನೆಲದಡಿಯಲ್ಲಿರುವುದು ಗಟ್ಟಿ ಶಿಲೆ. ಮೇಲಿನ ಕೆಲವು ಮೀಟರುಗಳಿಂದ ಇಪ್ಪತ್ತು ಮೂವತ್ತು ಮೀಟರುಗಳ ತನಕ ಶಿಥಿಲವಾದ ಪದರ, ಅದರ ಕೆಳಗೆ ಅಲ್ಲಲ್ಲಿ ಸೀಳುಗಳು. ಶಿಥಿಲ ಪದರದಿಂದ ಬಸಿದು ಸಿಗುವ ನೀರು ಅದರ ಗಾತ್ರದ ಶೇ. 2-3ರಷ್ಟು ಮಾತ್ರ. 600 ಮಿ.ಮೀ. ಮಳೆಯ ಶೇ. 10 ಇಂಗಿತು ಎಂದುಕೊಂಡರೂ 60 ಮಿ.ಮೀ. ನೀರು, ಶೇ. 2ರ ಲೆಕ್ಕದಲ್ಲಿ ಬಾವಿಯ ಮಟ್ಟ ಮೂರು ಮೀಟರ್ ಏರುತ್ತದೆ. ಮೂರು ಮೀಟರ್ ಏರಿಕೆ ಕಂಡವರಿಗೆ ನೆಲದಡಿ ಸಾಗರವೇ ಬಂದಂತೆ ತೋರುತ್ತದೆ, ಇರುವುದು 60 ಮಿ.ಮೀ. ಪಂಪು ಅಷ್ಟೇ ಬೇಗ ಅದನ್ನು ಇಳಿಸಬಲ್ಲದು. ಸಾವಿರ ಅಡಿ ಕೊರೆಯುವುದರಿಂದ ಹೊಸ ಸಂಗ್ರಹವೇನೂ ಸಿಗುವುದಿಲ್ಲ. ಆಳದ ಸೀಳುಗಳಿಗೂ ನೀರು ಇಳಿಯಬೇಕಾದದ್ದು ಮೇಲಿನ ಪದರದಿಂದಲೇ. 1856ರಲ್ಲಿ ಫ್ರಾನ್ಸಿನ ದಿಜೋನ್ ನಗರದ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಗಳಲ್ಲಿ ತೋರಿಸಿದಂತೆ, ನೆಲದಡಿಯ ನೀರು ಮಟ್ಟ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ, ಮಟ್ಟದ ವ್ಯತ್ಯಾಸಕ್ಕೆ ತಕ್ಕ ವೇಗದಲ್ಲಿ ಸಾಗುತ್ತದೆ. ಅಂತರ್ಜಲ ಹಳ್ಳದ ತಳಕ್ಕಿಂತ ಮೇಲಿದ್ದರೆ ಮಳೆ ನಿಂತ ಮೇಲೂ ಹಳ್ಳಕ್ಕೆ ಒರತೆ ಬರುತ್ತಿರುತ್ತದೆ; ಅದು ತಳಕ್ಕಿಂತ ಕೆಳಗಿಳಿದರೆ ಹಳ್ಳದಲ್ಲಿ ಬಂದ ನೀರೇ ನೆಲಕ್ಕೆ ಇಳಿಯುತ್ತದೆ. ಹಾಗೆ ದಿಕ್ಕು ಬದಲಾದ ಹಳ್ಳಗಳಲ್ಲಿ ವರ್ಷದ ಮೊದಲ ಪ್ರವಾಹಗಳು ಅಣೆಕಟ್ಟೆ ತಲಪುವ ಮೊದಲೇ ಮುಗಿದುಹೋಗುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಈ ಲೆಕ್ಕಕ್ಕೆ ಹೊರಗಿನ ಜಮೆಯೊಂದು ಸೇರಿದೆ. ಭದ್ರಾ ಮೇಲ್ದಂಡೆ ಯೋಜನೆಯಡಿ ಭದ್ರೆಯ ನೀರನ್ನು ಎತ್ತಿ, ಅಜ್ಜಂಪುರದ ಬಳಿಯ ಸುರಂಗದ ಮೂಲಕ ದಾಟಿಸಿ ವೇದಾವತಿಯ ಕಡೆಗೆ ಹರಿಸಲಾಗುತ್ತಿದೆ. ಮಲೆನಾಡಿನ ಮಳೆಯನ್ನು ಮಳೆಯ ನೆರಳಿನ ಜಲಾಶಯಕ್ಕೆ ಕಳುಹಿಸಿದಂತೆ. 2022ರಲ್ಲಿ ಬಯಲುಸೀಮೆಯಲ್ಲೇ ಅಸಾಧಾರಣ ಮಳೆಯಾಗಿತ್ತೆಂಬುದು ನಿಜ, ಆದರೆ ಆ ಕೋಡಿಯನ್ನು ವೇದಾವತಿಯೊಂದರದೇ ಎಂದು ಬರೆಯುವ ಮೊದಲು ಭದ್ರೆಯಿಂದ ಬಂದ ಪಾಲನ್ನು ಕಳೆಯಬೇಕು. ಮಟ್ಟವನ್ನು ತೋರಿಸುವ ಅಡಿಪಟ್ಟಿಗೆ ನೀರಿನ ಮೂಲ ತಿಳಿಯುವುದಿಲ್ಲ. ಅದಕ್ಕೆ ಕಾಲುವೆಯ ಹರಿವನ್ನೂ ಹಳ್ಳಗಳ ಹರಿವನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ತುಂಬಿದ ಜಲಾಶಯಕ್ಕೆ ಅದರದೇ ಖರ್ಚಿದೆ. ಪೂರ್ಣಮಟ್ಟದಲ್ಲಿ ಮಾರಿಕಣಿವೆಯ ಹಿನ್ನೀರು ಎಂಬತ್ತು ಚದರ ಕಿಲೋಮೀಟರಿಗೂ ಮೀರಿ ಹರಡುತ್ತದೆ, ಅಂಚುಗಳಲ್ಲಿ ಬಹುಪಾಲು ತೆಳು ನೀರು. ವರ್ಷವಿಡೀ ಅದು ಅಷ್ಟೇ ಹರಡಿ ನಿಂತಿದ್ದು ಒಂದೂವರೆ ಮೀಟರ್ ಆರಿದರೆ 4 ಟಿಎಂಸಿಗೂ ಹೆಚ್ಚು ಹೋಗುತ್ತದೆ, ಮೇಲೆ ನಾವು ಇಟ್ಟುಕೊಂಡ ಸಾಧಾರಣ ವರ್ಷದ ಒಳಹರಿವಿನ ಅರ್ಧಕ್ಕಿಂತ ಹೆಚ್ಚು. ಹೀಗಾಗಿ ಈ ವರ್ಷದ ನೀರನ್ನು ಮುಂದಿನ ಬರಗಾಲಕ್ಕೆಂದು ಹಿಡಿದಿಡಬೇಕೋ, ನಾಲೆಗೆ ಬಿಟ್ಟು ಅಚ್ಚುಕಟ್ಟಿನ ತೋಟಗಳಲ್ಲೇ ಬಳಸಿಬಿಡಬೇಕೋ ಎಂದು ನೀರಾವರಿ ಸಲಹಾ ಸಮಿತಿಯಲ್ಲಿ ಚರ್ಚೆ ನಡೆಯುವಾಗ, ಹಿಡಿದಿಟ್ಟದ್ದರಲ್ಲಿ ಎಷ್ಟು ಭಾಗ ಬೇಸಿಗೆ ಕಳೆಯುವುದರೊಳಗೆ ಉಳಿದಿರುತ್ತದೆ ಎಂಬ ಅಂಕಿಯೂ ಮೇಜಿನ ಮೇಲೆ ಇರಬೇಕು.